ಅಣಕು ಸಮರದ ಸತ್ಯಧರ್ಮ

ಅಮೆರಿಕದ ಕೆಂಟಕಿ ರಾಜ್ಯದ ಫೋರ್ಟ್ ನಾಕ್ಸ್ ಸೇನಾನೆಲೆಯಲ್ಲಿ, 1980ರ ದಶಕದ ಉತ್ತರಾರ್ಧದಲ್ಲಿ, ಗಣಕಜಾಲದಿಂದ ಬೆಸೆದ ಪೆಟ್ಟಿಗೆಯಂತಹ ಯಂತ್ರಗಳೊಳಗೆ ನಾಲ್ವರು ನಾಲ್ವರಾಗಿ ಕುಳಿತ ಯೋಧರು, ಇಂಧನವನ್ನಾಗಲಿ ಮದ್ದುಗುಂಡುಗಳನ್ನಾಗಲಿ ವ್ಯಯಮಾಡದೆ, ಒಂದೇ ಕಲ್ಪಿತ ರಣಾಂಗಣದಲ್ಲಿ ಪರಸ್ಪರರ ಟ್ಯಾಂಕುಗಳನ್ನು ಕಾಣುತ್ತ ಕಾದುತ್ತಿದ್ದರು. ಸಿಮ್‌ನೆಟ್ ಎಂಬ ಈ ವ್ಯವಸ್ಥೆಯನ್ನು ರೂಪಿಸಿದವರು ಅಲ್ಲಿನ ವಾಯುಸೇನೆಯ ಅಧಿಕಾರಿ ಜ್ಯಾಕ್ ಥಾರ್ಪ್. ಅವರು 1978ರಲ್ಲಿಯೇ ಲೇಖನವೊಂದರಲ್ಲಿ ಮುಂಗಂಡಿದ್ದ ಕನಸಿಗೆ 1983ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನೆಯ ಡಾರ್ಪಾ ಸಂಸ್ಥೆಯ ಆಶ್ರಯ ದೊರೆಯಿತು. ಅದುವರೆಗಿನ ಸಿಮ್ಯುಲೇಟರುಗಳು ಬಹುತೇಕ ಒಂಟಿಯಾಗಿದ್ದು, ಒಬ್ಬೊಬ್ಬರ ಹಸ್ತಕೌಶಲವನ್ನು ತಿದ್ದುತ್ತಿದ್ದುವೇ ಹೊರತು, ಸಹಯೋಧರೊಡನೆ ಕೂಡಿ ಕಾದುವುದನ್ನು ಕಲಿಸಲಾರದಾಗಿದ್ದುವು.

ಈ ವ್ಯವಸ್ಥೆಯಲ್ಲಿ ನನ್ನ ಮನಸ್ಸನ್ನು ಸೆರೆಹಿಡಿದದ್ದು ಅದರ ಒಳನಿಯಮ. ಎಲ್ಲರನ್ನೂ ಆಳುವ ಕೇಂದ್ರ ಗಣಕವೆಂಬುದು ಇಲ್ಲಿಲ್ಲ. ಪ್ರತಿಯೊಂದು ಯಂತ್ರವೂ ತಾನೆಲ್ಲಿರುವೆ, ಯಾವ ದಿಕ್ಕಿಗೆ ಎಷ್ಟು ವೇಗದಿಂದ ಸಾಗುತ್ತಿರುವೆ ಎಂಬ ತನ್ನ ನಿಜಸ್ಥಿತಿಯನ್ನು ತಾನೇ ಸಾರುತ್ತದೆ. ಗುಂಡು ಹಾರಿಸಿದ ಯಂತ್ರವು ಹಾರಿಸಿದುದನ್ನೂ ಸ್ಫೋಟವಾದ ಸ್ಥಳವನ್ನೂ ಮಾತ್ರ ತಿಳಿಸಬಹುದು. ಎಷ್ಟು ಹಾನಿಯಾಯಿತೆಂಬುದನ್ನು ಪೆಟ್ಟುತಿಂದ ಯಂತ್ರವೇ ಗಣಿಸಿ, ತಾನು ಉರಿಯುತ್ತಿದ್ದರೆ ಉರಿಯುತ್ತಿದ್ದೇನೆಂದು ಒಪ್ಪಿಕೊಳ್ಳಬೇಕು. ಯಂತ್ರವೊಂದರಿಂದ ವಾರ್ತೆ ಬಾರದ ಅಂತರದಲ್ಲಿ ಇತರ ಯಂತ್ರಗಳು ಅದರ ಚಲನೆಯನ್ನು ಊಹಿಸಿ ಚಿತ್ರಿಸುತ್ತವೆ. ಅದೂ ತನ್ನ ಕುರಿತಾದ ಇತರರ ಊಹೆಯನ್ನು ತನ್ನೊಳಗೇ ಗಣಿಸುತ್ತಿದ್ದು, ನಿಜಕ್ಕೂ ಊಹೆಗೂ ನಡುವಣ ಅಂತರವು ಮಿತಿಮೀರಿದೊಡನೆ ಹೊಸ ವಾರ್ತೆಯನ್ನು ಕಳುಹಿಸುತ್ತದೆ. ಜಾಲದ ಮೇಲಿನ ಭಾರವು ಇಳಿದದ್ದು ಈ ಉಪಾಯದಿಂದಲೇ.

ಇದೇ ತತ್ತ್ವವು, 1989ರಿಂದ ನಡೆದ ಕಮ್ಮಟಗಳ ಚರ್ಚೆಯಲ್ಲಿ ಮಾಗಿ, 1993ರಲ್ಲಿ ಎಂಜಿನಿಯರುಗಳ ಸಂಘಟನೆಯಾದ ಐಇಇಇಯ 1278 ಎಂಬ ಸಾಮಾನ್ಯ ಮಾನಕವಾಯಿತು. ಜನ ಅದನ್ನು ಡಿಐಎಸ್ ಎನ್ನುತ್ತಾರೆ. ಅದರ ಪ್ರಕಾರ ನಿಶ್ಚಲವಾಗಿ ನಿಂತ ಟ್ಯಾಂಕು ಸಹ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ತಾನಿರುವೆನೆಂದು ಹೇಳಬೇಕು. 12 ಸೆಕೆಂಡು ಮೌನವಾಗಿದ್ದರೆ ಉಳಿದವರ ರಣಾಂಗಣದಿಂದ ಅದು ಅಳಿದುಹೋಗುತ್ತದೆ. ಮುಂದೆ 2000ದಲ್ಲಿ ಎಚ್‌ಎಲ್‌ಎ ಎಂಬ ವಿಸ್ತೃತ ವಿನ್ಯಾಸವೂ ಐಇಇಇ ಮನ್ನಣೆ ಪಡೆಯಿತು.

1991ರ ಫೆಬ್ರವರಿ 26ರಂದು ಇರಾಕಿನ ಮರುಭೂಮಿಯಲ್ಲಿ ನಡೆದ 73 ಈಸ್ಟಿಂಗ್ ಕಾಳಗವನ್ನು, ಕಾದಿದವರ ಸಾಕ್ಷ್ಯದಿಂದ ಸಿಮ್‌ನೆಟ್ ಜಾಲದಲ್ಲಿ ಮರುನಿರ್ಮಿಸಿದಾಗ, ಕಳೆದುಹೋದ ಯುದ್ಧವೂ ಪಾಠಶಾಲೆಯಾಯಿತು.

ಫೋರ್ಟ್ ನಾಕ್ಸಿನ ಆ ಹಳೆಯ ಯಂತ್ರಗಳ ಕಾಲ ಮುಗಿದಿದೆ. ಇಂದಿನವು ನೋಟದಲ್ಲಿ ಅವನ್ನು ಬಹುದೂರ ಮೀರಿಸಿವೆ. ಆದರೆ ಎಷ್ಟೇ ಬೆಡಗಿನ ಯಂತ್ರವಾದರೂ ಸಾಮಾನ್ಯ ಮಾನಕವನ್ನು ತೊರೆದು ತನ್ನದೇ ನುಡಿಯನ್ನಾಡಿದರೆ, ಅದರೊಳಗಿನ ಯೋಧನು ಪುನಃ ಒಂಟಿಯಾಗಿಯೇ ಕಲಿಯಬೇಕಾದೀತು. ಒಂದೊಂದು ಅಂಕಿಯ ಅರ್ಥಕ್ಕಾಗಿ ವರ್ಷಗಟ್ಟಲೆ ವಾದಿಸಿ ಒಮ್ಮತಕ್ಕೆ ಬಂದವರ ಶ್ರಮವು ಹಾಗೆ ವ್ಯರ್ಥವಾಗದಿರಲಿ.