ಬಿ ಏನ್ರೀ, ಕೆ ಏನ್ರೀ?

ಬೀದರ ಬಸ್ ನಿಲ್ದಾಣದಲ್ಲಿ ಹಳ್ಳಿಖೇಡಕ್ಕೆ ಟಿಕೆಟ್ ಕೇಳಿದರೆ ಕಂಡಕ್ಟರ್ ಕೂಡಲೇ ಟಿಕೆಟ್ ಹರಿಯುವುದಿಲ್ಲ. 'ಬಿ ಏನ್ರೀ, ಕೆ ಏನ್ರೀ?' ಎಂದು ಕೇಳುತ್ತಾನೆ. ಈ ಕಡೆ ಹುಟ್ಟಿ ಬೆಳೆದವರಿಗೆ ಇದು ಉಪ್ಪು ಖಾರದಷ್ಟೇ ಸಹಜ ಮಾತು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಮಾಸ್ತರರಿಗೋ ಬ್ಯಾಂಕಿನವರಿಗೋ ತಲೆಬುಡ ತಿಳಿಯುವುದಿಲ್ಲ. ಜಿಲ್ಲೆಯ ಊರುಗಳ ಪಟ್ಟಿ ತೆಗೆದು ನೋಡಿದರೆ ಆವರಣದೊಳಗಿನ ಅಕ್ಷರಗಳದೇ ಜಾತ್ರೆ: ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ), ಕೊಳಾರ (ಬಿ), ಕೊಳಾರ (ಕೆ), ಹೊಕ್ರಾಣಾ (ಬಿ), ಹೊಕ್ರಾಣಾ (ಕೆ), ಮುಧೋಳ (ಬಿ), ಔರಾದ (ಎಸ್), ಸಿರ್ಸಿ (ಎ).

'ಬಿ' ಎಂದರೆ ಬುಜುರ್ಗ, 'ಕೆ' ಎಂದರೆ ಖುರ್ದ. ಎರಡೂ ಪಾರ್ಸಿ ಮಾತುಗಳು. ಬಹಮನಿ ಸುಲ್ತಾನರ ಕಾಲದಿಂದ ಪಾರ್ಸಿ ಬಲ್ಲ ಅಧಿಕಾರಿಗಳ ಕೈಯಲ್ಲಿದ್ದ ಸೀಮೆಯಿದು. ಬುಜುರ್ಗ ಹಿರಿದು, ಖುರ್ದ ಕಿರಿದು. ಮರಾಠಿಯ ಬಾಯಲ್ಲಿ ಬುಜುರ್ಗ ಸವೆದು ಬುದ್ರುಕ ಆಗಿದೆ. ಹಾವೇರಿ ಜಿಲ್ಲೆಯಲ್ಲಿ ಇದೇ ಕೆಲಸವನ್ನು ಅಚ್ಚಗನ್ನಡ ಮಾಡಿದೆ: ಹಿರೇಕೆರೂರ, ಚಿಕ್ಕೇರೂರ. ಒಂದು ಊರಿನಿಂದ ನಾಲ್ಕು ಮನೆ ಎದ್ದುಹೋಗಿ ಪಕ್ಕದಲ್ಲೇ ನೆಲೆಯೂರಿದರೆ ಹಳೆಯದು ಹಿರಿಯದಾಗುತ್ತದೆ, ಹೊಸದು ಕಿರಿಯದಾಗುತ್ತದೆ. ಹಿರಿತನ ಬಂದದ್ದು ವಯಸ್ಸಿನಿಂದ. ಹಾಗಾಗಿ ಖುರ್ದ ಎಷ್ಟೇ ಬೆಳೆದು ಪೇಟೆಯಾದರೂ ಅದರ ಬೆನ್ನಿನ ಅಕ್ಷರ ಬದಲಾಗುವುದಿಲ್ಲ.

ಆದರೆ 'ಬಿ' ಕಂಡಲ್ಲೆಲ್ಲ ಬುಜುರ್ಗ ಎಂದುಕೊಂಡರೆ ಮೋಸಹೋಗುತ್ತೇವೆ. ತಾಲ್ಲೂಕು ಕೇಂದ್ರವಾದ ಔರಾದಕ್ಕೆ ಅಂಟಿದ ಅಕ್ಷರ ಬಾರಾಹಳ್ಳಿಯದು. ಗಡಿ ದಾಟಿದರೆ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿ ಇನ್ನೊಂದು ಔರಾದ ಸಿಗುತ್ತದೆ, ಅದು ಔರಾದ ಶಹಾಜಾನಿ. ಬೀದರ ತಾಲ್ಲೂಕಿನ ಔರಾದ (ಎಸ್) ಇವೆರಡರಿಂದಲೂ ಬೇರೆ. ಮುಧೋಳವೆಂದರೆ ನಾಡಿನ ಬಹುತೇಕ ಮಂದಿಗೆ ಬಾಗಲಕೋಟೆ ಜಿಲ್ಲೆಯ, ಬೇಟೆನಾಯಿಯ ಮುಧೋಳ; ಇಲ್ಲಿನವರಿಗೆ ತಮ್ಮ ಮುಧೋಳವೇ ಮುಧೋಳ. ಭಾಲ್ಕಿ ತಾಲ್ಲೂಕಿನ ಖಾನಾಪುರ ಬೇರೆ, ಬೆಳಗಾವಿ ಜಿಲ್ಲೆಯ ಖಾನಾಪುರ ಬೇರೆ. ಖಟಕ ಚಿಂಚೋಳಿ ಬೇರೆ, ಕಲಬುರಗಿ ಜಿಲ್ಲೆಯ ಚಿಂಚೋಳಿ ಬೇರೆ.

ಇಷ್ಟೊಂದು ಹೆಸರುಗಳು ಮರುಕಳಿಸುವುದೇಕೆ? ನಮ್ಮ ಹಿರಿಯರಿಗೆ ಹೆಸರಿನ ಬಡತನವಿತ್ತೆಂದು ತಿಳಿಯುವುದು ತಪ್ಪು. ಇದು ಶುದ್ಧ ಗಣಿತ. ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ 365 ದಿನಗಳಿದ್ದರೂ ಹೀಗೆ. ಕಾರಣ, ಇಲ್ಲಿ ಲೆಕ್ಕಕ್ಕೆ ಬರುವುದು ತಲೆಗಳಲ್ಲ, ಜೋಡಿಗಳು. 23 ಜನರಲ್ಲಿ 253 ಜೋಡಿಗಳಾಗುತ್ತವೆ. ಅದೇ ಲೆಕ್ಕವನ್ನು ಊರುಗಳಿಗೆ ಹಚ್ಚಿ ನೋಡಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 29 ಸಾವಿರಕ್ಕೂ ಹೆಚ್ಚು ಹಳ್ಳಿಗಳಿವೆ. ಅವುಗಳಲ್ಲಿ ಸುಮಾರು 42 ಕೋಟಿ ಜೋಡಿಗಳು. ನಮ್ಮವರ ಬಳಿ ಒಂದು ಲಕ್ಷ ಬೇರೆ ಬೇರೆ ಹೆಸರುಗಳಿದ್ದು, ಅವನ್ನು ಕಣ್ಣುಮುಚ್ಚಿ ಹಂಚಿದ್ದರೂ 4,200 ಜೋಡಿ ಊರುಗಳು ಒಂದೇ ಹೆಸರಿಗೆ ಬಂದು ಬೀಳುತ್ತಿದ್ದವು. ಅಷ್ಟು ಹೆಸರುಗಳು ಯಾರ ಬಳಿಯೂ ಇರಲಿಲ್ಲ, ಕಣ್ಣುಮುಚ್ಚಿ ಹಂಚಲೂ ಇಲ್ಲ. ಕೆರೆ, ಕಲ್ಲು, ಹುಣಸೆ, ಬೇವು, ದೇವರು, ಊರು ಕಟ್ಟಿದ ಗೌಡ, ಇವುಗಳ ಮುಂದೆ ಊರು, ಹಳ್ಳಿ, ಗಾಂವ, ಖೇಡ, ವಾಡಿ, ಪುರ, ಆಬಾದ. ಸರಕು ಇಷ್ಟೇ. ಇಷ್ಟರಲ್ಲಿ 29 ಸಾವಿರ ಊರುಗಳಿಗೆ ಬೇರೆ ಬೇರೆ ಹೆಸರು ಬಂದಿದ್ದರೆ ಅದೇ ಸೋಜಿಗ.

ಇದರಿಂದ ಯಾರಿಗೂ ತೊಂದರೆಯೂ ಆಗಲಿಲ್ಲ. ಸಂತೆಗೆ ಹೋಗಿ ಬರುವಷ್ಟು ದೂರದಲ್ಲಿ, ಹೆಣ್ಣು ಕೊಟ್ಟು ತರುವಷ್ಟು ದೂರದಲ್ಲಿ ಗೊಂದಲವಾಗದಿದ್ದರೆ ಹೆಸರಿನ ಕೆಲಸ ಮುಗಿಯಿತು. ಆ ಸುತ್ತಿನ ಆಚೆ ಅದೇ ಹೆಸರಿನ ಮತ್ತೊಂದು ಊರಿದ್ದರೆ ಇರಲಿ. ಅಂಚೆ, ರೈಲು, ಕಂದಾಯದ ದಫ್ತರ ಬಂದು ಸುತ್ತು ದೊಡ್ಡದಾದಾಗಲೇ ಬಾಲ ಬೇಕಾದದ್ದು.

ಹತ್ತಿರ ಹತ್ತಿರ ಕೇಳಿಸುವ ಹೆಸರುಗಳಿಗೆಲ್ಲ ಬಾಲ ಬೇಕಿಲ್ಲ. ಬೀದರ ನಗರದೊಳಗಿನ ಮೈಲೂರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೆ ಅದು ಮೈಲೂರ, ಶಿಡ್ಲಘಟ್ಟ ತಾಲ್ಲೂಕಿನದು ಮೇಲೂರು. ಕಣ್ಣಿಗೇ ಬೇರೆ ಕಾಣುತ್ತವೆ. ಇನ್ನು ಭಾಲ್ಕಿ ತಾಲ್ಲೂಕಿನ ಖಾನಾಪುರದ ಬಳಿ ಮೈಲಾರ ಮಲ್ಲಣ್ಣನ ದೇವಸ್ಥಾನವಿದೆ. ಕಾರಣಿಕಕ್ಕೆ ಹೆಸರಾದ ಮೈಲಾರ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ. ಇಲ್ಲಿ ಹೆಸರು ದೇವರದು. ದೇವರಿಂದ ಊರಿಗೆ, ಊರಿಂದ ಮನುಷ್ಯರಿಗೆ ಅದು ಹರಿದಾಡಿದೆ. ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ನಡೆದು, 1943ರಲ್ಲಿ ಗುಂಡಿಗೆ ಬಲಿಯಾದ ಹುತಾತ್ಮ ಮೈಲಾರ ಮಹದೇವಪ್ಪನವರ ಹೆಸರಿನಲ್ಲಿ ಅದಿದೆ. ಮೈಸೂರಿಗೆ ಹೋದರೆ ಮೈಲಾರಿ ಎಂಬ ಮೆತ್ತನೆಯ ದೋಸೆಯೂ ಇದೆ. ಹೆಸರಿಗೆ ಮಡಿಮೈಲಿಗೆ ಇಲ್ಲ.

ಊರಿನ ಹೆಸರು ಮನುಷ್ಯರಿಗೆ ಅಂಟುವ ಬಗೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಾನಗಲ್ಲಿನಲ್ಲಿ ಇರುವವರನ್ನು ಹಾನಗಲ್ಲಿನವರು 'ಹಾನಗಲ್' ಎಂದು ಕರೆದರೆ ಯಾರನ್ನು ಕರೆದಂತಾಯಿತು? ಊರು ಬಿಟ್ಟವರಿಗಷ್ಟೇ ಊರಿನ ಹೆಸರು ಅಡ್ಡಹೆಸರಾಗಿ ಉಪಯೋಗಕ್ಕೆ ಬರುತ್ತದೆ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ಬಾಳಿ ಹಾಡಿದ್ದು ಹುಬ್ಬಳ್ಳಿಯಲ್ಲಿ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟಿತು, ಮರುವರ್ಷ ನಾಡೆಲ್ಲ ಗೋಕಾಕ್ ಚಳವಳಿ ಎದ್ದಿತು. ಆ ಚಳವಳಿ ಗೋಕಾಕ ಪಟ್ಟಣದಲ್ಲಿ ಹುಟ್ಟಿತೆಂದು ನಂಬಿರುವ ಕಾಲೇಜು ಹುಡುಗರು ಈಗಲೂ ಸಿಗುತ್ತಾರೆ. ಊರು ಮನುಷ್ಯನಿಗೆ ಹೆಸರು ಕೊಟ್ಟಿತು, ಮನುಷ್ಯ ವರದಿಗೆ ಕೊಟ್ಟ, ವರದಿ ಚಳವಳಿಗೆ ಕೊಟ್ಟಿತು; ನಡುವಿನ ಕೊಂಡಿಗಳನ್ನು ಮರೆತವರಿಗೆ ಮತ್ತೆ ಊರೇ ಕಾಣುತ್ತದೆ.

ಬೀದರಕ್ಕೆ ಇದೇನೂ ಹೊಸದಲ್ಲ. 1472ರ ಮದರಸಾ ಕಟ್ಟಿಸಿದ ಮಹಮೂದ ಗಾವಾನನ ಹೆಸರಿನ ಕೊನೆಯಲ್ಲಿರುವುದು ಇರಾನಿನ ಗೀಲಾನ ಸೀಮೆಯ ಒಂದು ಊರು. ಅಷ್ಟೂರಿನ ಗುಮ್ಮಟಗಳಿಗೆ ಹೋಗುವ ದಾರಿಯಲ್ಲಿ ಚೌಖಂಡಿ ಸಿಗುತ್ತದಲ್ಲ, ಅಲ್ಲಿ ಸಮಾಧಿಯಾಗಿರುವ ಖಲೀಲುಲ್ಲಾ ಅವರ ಮನೆತನ ಕಿರ್ಮಾನಿನದು. ಕಿರ್ಮಾನ ಬಿಟ್ಟು ಹೊರಟವರು ಕಿರ್ಮಾನಿಗಳಾದರು. ವಿಕೆಟ್‌ಕೀಪರ್ ಸಯ್ಯದ್ ಕಿರ್ಮಾನಿಯವರ ಅಡ್ಡಹೆಸರಿನಲ್ಲೂ ಇರಾನಿನ ಅದೇ ನಗರವಿದೆ.

ಈ ಆಟವನ್ನು ಎಲ್ಲರಿಗಿಂತ ಉದ್ದಕ್ಕೆ ಆಡಿದವರು ಚೀನೀಯರು. ಝಾವ್, ಸೊಂಗ್, ಚೆನ್, ವೂ ಮೊದಲಾದ ಮನೆತನದ ಹೆಸರುಗಳೆಲ್ಲ ಎರಡು ಸಾವಿರ ವರ್ಷಕ್ಕೂ ಹಿಂದಿನ ಸಣ್ಣ ರಾಜ್ಯಗಳ ಹೆಸರುಗಳು. ರಾಜ್ಯ ಅಳಿಯಿತು, ಅಲ್ಲಿಂದ ಚದುರಿದವರ ಬೆನ್ನಿಗೆ ಹೆಸರು ಉಳಿಯಿತು. ಕ್ರಿ.ಶ. 960ರಲ್ಲಿ ಸೊಂಗ್ ವಂಶ ಸ್ಥಾಪಿಸಿದವನ ಮನೆತನದ ಹೆಸರು ಝಾವ್. ವಂಶಕ್ಕೆ ಇಟ್ಟದ್ದು ಒಂದು ಹಳೆಯ ರಾಜ್ಯದ ಹೆಸರು, ಅವನಿಗೆ ಇದ್ದದ್ದು ಇನ್ನೊಂದು ಹಳೆಯ ರಾಜ್ಯದ ಹೆಸರು.

ಆದರೂ ಇವತ್ತು ವಾಂಗ್, ಲೀ, ಜಾಂಗ್, ಲ್ಯೂ, ಚೆನ್ ಎಂಬ ಐದೇ ಹೆಸರುಗಳು ಚೀನದ ಸುಮಾರು 30 ಪ್ರತಿಶತ ಜನರನ್ನು ಹಂಚಿಕೊಂಡಿವೆ. 2007ರ ಒಂದು ಸರಕಾರಿ ಎಣಿಕೆಯಲ್ಲಿ ಜಾಂಗ್ ವೇಯ್ ಎಂಬ ಒಂದೇ ಪೂರ್ಣ ಹೆಸರಿನವರು 2.9 ಲಕ್ಷ ಸಿಕ್ಕರು. ಹೆಸರುಗಳು ಹೀಗೆ ಕೆಲವಕ್ಕೇ ಇಳಿಯುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ದೊಡ್ಡ ಮನೆತನಗಳು ಏಕೆ ಅಳಿಯುತ್ತವೆ ಎಂದು 1870ರ ದಶಕದಲ್ಲಿ ಫ್ರಾನ್ಸಿಸ್ ಗಾಲ್ಟನ್ ಕೇಳಿದ. ಗಣಿತಜ್ಞ ಹೆನ್ರಿ ವ್ಯಾಟ್ಸನ್ ಲೆಕ್ಕ ಹಾಕಿದ. ಅಪ್ಪನ ಹೆಸರು ಮಗನಿಗಷ್ಟೇ ಹೋಗುವ ಪದ್ಧತಿಯಲ್ಲಿ, ಸರಾಸರಿ ಒಬ್ಬೊಬ್ಬನಿಗೆ ಒಬ್ಬ ಮಗ ಎಂದಿಟ್ಟುಕೊಳ್ಳಿ. ಸರಾಸರಿ ಒಂದೇ ಆದರೂ ಒಬ್ಬನಿಗೆ ಮೂವರು ಗಂಡುಮಕ್ಕಳಿರುತ್ತಾರೆ, ಇನ್ನೊಬ್ಬನಿಗೆ ಹೆಣ್ಣುಮಕ್ಕಳೇ. ಮಕ್ಕಳ ಸಂಖ್ಯೆ ಹೀಗೆ ಆಕಸ್ಮಿಕಕ್ಕೆ ಬಿಟ್ಟದ್ದಾದರೆ ಮೊದಲ ತಲೆಮಾರಿನಲ್ಲೇ ನೂರಕ್ಕೆ 37 ಹೆಸರುಗಳು ನಿಂತುಹೋಗುತ್ತವೆ. ನೂರು ತಲೆಮಾರು ಕಳೆಯುವ ಹೊತ್ತಿಗೆ ಉಳಿಯುವುದು ನೂರಕ್ಕೆ ಎರಡು. ಯುದ್ಧ ಬೇಕಿಲ್ಲ, ಬರಗಾಲ ಬೇಕಿಲ್ಲ, ಯಾರ ತಪ್ಪೂ ಇಲ್ಲ. ಚೀನದ ಹೆಸರುಗಳಿಗೆ ಅಷ್ಟು ವಯಸ್ಸಾಗಿದೆ. ಜಪಾನಿನಲ್ಲಿ ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆ ಬಂದದ್ದು 1875ರಲ್ಲಿ. ಜನ ಗದ್ದೆ, ಗುಡ್ಡ, ಊರು ನೋಡಿ ಹೆಸರು ಆಯ್ದುಕೊಂಡರು. ಅಲ್ಲಿ ಈಗಲೂ ಲಕ್ಷಕ್ಕೂ ಮಿಕ್ಕಿ ಹೆಸರುಗಳಿವೆ. ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳೂ ಎಳೆಯವು. ಒಂದೆರಡು ತಲೆಮಾರು ಹಿಂದೆ ಶಾಲೆಯ ದಾಖಲೆಯಲ್ಲಿ ಮಾಸ್ತರರು ಬರೆದದ್ದೇ ಎಷ್ಟೋ ಮನೆಗಳಲ್ಲಿ ಗಟ್ಟಿಯಾಯಿತು.

ಚೀನದ ಊರುಗಳ ಕಥೆ ಇನ್ನೂ ಸ್ವಾರಸ್ಯ. ಜಿಯಾಂಗ್‌ಸೂ ಪ್ರಾಂತದಲ್ಲಿ ರೇಷ್ಮೆಗೆ, ತೋಟಗಳಿಗೆ ಹೆಸರಾದ ಸೂಜೌ ಇದೆ; ಆನ್‌ಹ್ವೇ ಪ್ರಾಂತದಲ್ಲಿ ಇನ್ನೊಂದು ಸೂಜೌ ಇದೆ. ಫೂಜೌ ಎರಡಿವೆ, ತೈಜೌ ಎರಡಿವೆ, ಯೂಲಿನ್ ಎರಡಿವೆ. ಚೀನೀಯರಿಗೆ ಇವು ಒಂದೇ ಹೆಸರಲ್ಲ. ಬರೆಯುವ ಲಿಪಿಚಿಹ್ನೆ ಬೇರೆ, ಉಚ್ಚರಿಸುವ ರಾಗ ಬೇರೆ: ಒಂದು 'ಸೂ' ಸಮವಾಗಿ ಎಳೆದದ್ದು, ಇನ್ನೊಂದು ಮೇಲಿಂದ ಕೆಳಗೆ ಜಾರಿದ್ದು. ರೋಮನ್ ಅಕ್ಷರಕ್ಕೆ ಇಳಿಸಿದ ಕೂಡಲೇ ಚಿಹ್ನೆಯೂ ಹೋಯಿತು, ರಾಗವೂ ಹೋಯಿತು. ಅಕ್ಕಪಕ್ಕದ ಎರಡು ಪ್ರಾಂತಗಳು, ಕಲ್ಲಿದ್ದಲಿನ ಶಾನ್‌ಶಿ ಮತ್ತು ಮಣ್ಣಿನ ಸೈನಿಕರ ಶಾನ್‌ಶಿ, ಹೀಗೆ ಬೆರೆತುಹೋಗುವುದನ್ನು ನೋಡಲಾರದೆ ಒಂದರ ರೋಮನ್ ಹೆಸರಿಗೆ ಒಂದು 'ಎ' ಹೆಚ್ಚಿಗೆ ಸೇರಿಸಿದರು.

ಚೀನದವರೆಗೆ ಹೋಗಬೇಕಾಗಿಯೂ ಇಲ್ಲ. ಬೀದರದ ಕೈಗಾರಿಕಾ ಪ್ರದೇಶವಿರುವುದು ಕೊಳಾರದಲ್ಲಿ. ಚಿನ್ನದ ಗಣಿಯಿದ್ದದ್ದು ಕೋಲಾರ ಜಿಲ್ಲೆಯಲ್ಲಿ. ಮೊಸರಿಗೆ ಹೆಸರಾದದ್ದು ವಿಜಯಪುರ ಜಿಲ್ಲೆಯ ಕೊಲ್ಹಾರ. ಕನ್ನಡದಲ್ಲಿ ಬರೆದರೆ ಮೂರೂ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ 'ಕೊ' ಮತ್ತು 'ಕೋ' ಒಂದೇ, 'ಳ' ಮತ್ತು 'ಲ' ಒಂದೇ. ಹಾಗಾಗಿ ಸರಕು ಸಾಗಿಸುವ ಲಾರಿಯ ಕಾಗದದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಊರಿನಂತೆ ಕಾಣುತ್ತವೆ. ಇಲ್ಲಿ ದೋಷ ಊರಿನದಲ್ಲ, ಲಿಪಿಯದು. ಕನ್ನಡದ ವಿಳಾಸವನ್ನು ಕನ್ನಡದಲ್ಲೇ ಬರೆದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆಂಬುದು ಭಾಷಾಭಿಮಾನದ ಮಾತಲ್ಲ, ಮಾಹಿತಿಯ ಲೆಕ್ಕ.

ಉಳಿದರ್ಧಕ್ಕೆ ಬೇರೆ ಉಪಾಯ ಬೇಕು. ಚೀನ 1914ರಲ್ಲಿ ಒಂದೇ ಹೆಸರಿನ ತಾಲ್ಲೂಕುಗಳನ್ನು ಹುಡುಕಿ ತೆಗೆದು, ಆಜ್ಞೆ ಹೊರಡಿಸಿ, ಅನೇಕವುಗಳ ಹೆಸರನ್ನೇ ಬದಲಿಸಿತು. ನಾವು ಹೆಸರಿಗೆ ಕೈಹಚ್ಚದೆ ಪಕ್ಕದಲ್ಲೊಂದು ಗುರುತು ಇಟ್ಟೆವು. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡ್ ಮೊದಲನೆಯದು. ಈ ಕ್ರಮದಲ್ಲಿ ಭಾಲ್ಕಿ 585328, ಔರಾದ 585326. ಜನಗಣತಿ ಪ್ರತಿ ಹಳ್ಳಿಗೂ ಆರಂಕಿಯ ಸಂಖ್ಯೆ ಕೊಟ್ಟಿದೆ. ಪಹಣಿ ತೆಗೆಯುವ 'ಭೂಮಿ' ವ್ಯವಸ್ಥೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಕೊನೆಯ ಮೆಟ್ಟಿಲಲ್ಲಿ ಕೊಳಾರ (ಬಿ) ಮತ್ತು ಕೊಳಾರ (ಕೆ) ಒಂದರ ಕೆಳಗೊಂದು ನಿಂತಿರುತ್ತವೆ. ಸರ್ವೆ ನಂಬರುಗಳು ಪ್ರತಿ ಗ್ರಾಮದಲ್ಲೂ ಒಂದರಿಂದಲೇ ಶುರುವಾಗುವುದರಿಂದ, ಕಂಪ್ಯೂಟರ್ ಮುಂದೆ ಕೂತವನು ಕೆ ಬದಲು ಬಿ ಒತ್ತಿದರೆ ಅದೇ ನಂಬರಿನ ಬೇರೆಯವರ ಹೊಲ ತೆರೆದುಕೊಳ್ಳುತ್ತದೆ. ಯಂತ್ರ ತಪ್ಪೆಂದು ಹೇಳುವುದಿಲ್ಲ. ಅದರ ಮಟ್ಟಿಗೆ ಎರಡೂ ಸರಿ. ಹೆಸರು ಬದಲಿಸುವುದಕ್ಕಿಂತ ಬಾಲ ಹಚ್ಚುವುದೇ ಮೇಲೆಂದು ನನಗನಿಸುತ್ತದೆ, ಆದರೆ ಬಾಲವನ್ನು ಓದುವ ಕಣ್ಣೂ ಇರಬೇಕು.

ರೈಲಿನವರು ಇನ್ನೂ ಜಿಪುಣರು. ಅವರು ನಿಲ್ದಾಣದ ಹೆಸರನ್ನು ನಾಲ್ಕಕ್ಷರದೊಳಗೆ ಮುಗಿಸುತ್ತಾರೆ. ರಾಮನಗರದ ಹತ್ತಿರದ ಬಿಡದಿಗೆ ಬಿ-ಐ-ಡಿ ಹೋಗಿದೆ, ಬೀದರಕ್ಕೆ ಸಿಕ್ಕಿದ್ದು ಬಿ-ಐ-ಡಿ-ಆರ್. ಮೊಬೈಲಿನಲ್ಲಿ ಟಿಕೆಟ್ ಮಾಡಿಸುವಾಗ ಮೂರಕ್ಷರ ಬಡಿದು ಮೇಲೆ ಬಂದ ಮೊದಲ ಸಾಲನ್ನು ಒತ್ತುವ ಮುಂಚೆ, ಆ ಕೊನೆಯ 'ಆರ್' ಇದೆಯೋ ಇಲ್ಲವೋ ನೋಡಿಕೊಳ್ಳಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ಚೆನ್ನಾಗಿರುತ್ತದೆ, ಆದರೆ ಬೀದರ ಅಲ್ಲಿಂದ ರಾಜ್ಯದ ಇನ್ನೊಂದು ತುದಿ.