ಹೆಡ್‌ಫೋನ್ ಬೆಲೆಯಲ್ಲಿನ ಪ್ರಾದೇಶಿಕ ವ್ಯತ್ಯಾಸ

ಒಂದೇ ಕಂಪನಿಯ ಒಂದೇ ಮಾದರಿಯ ಹೆಡ್‌ಫೋನ್ ಅಥವಾ ಇಯರ್‌ಫೋನ್ ಬೇರೆ ಬೇರೆ ಊರು, ರಾಜ್ಯ ಅಥವಾ ದೇಶಗಳಲ್ಲಿ ಬೇರೆ ಬೇರೆ ಬೆಲೆಗೆ ಮಾರಾಟವಾಗುವುದನ್ನು ಬೆಲೆಯ ಪ್ರಾದೇಶಿಕ ವ್ಯತ್ಯಾಸ ಎನ್ನಲಾಗುತ್ತದೆ. ಭಾರತದೊಳಗೆ ಈ ವ್ಯತ್ಯಾಸವು ಮುಖ್ಯವಾಗಿ ಅಂಗಡಿಯವರು ಕೊಡುವ ರಿಯಾಯಿತಿಯಿಂದ ಉಂಟಾಗುತ್ತದೆ. ದೇಶದ ಗಡಿಯಾಚೆಗಿನ ವ್ಯತ್ಯಾಸಕ್ಕೆ ಆಮದು ಸುಂಕ ಮತ್ತು ತೆರಿಗೆಗಳು ಪ್ರಮುಖ ಕಾರಣ.

ಮುದ್ರಿತ ಬೆಲೆ

ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಮಾರಾಟ ಬೆಲೆಯನ್ನು (ಎಂಆರ್‌ಪಿ) ಎಲ್ಲ ತೆರಿಗೆಗಳನ್ನೂ ಸೇರಿಸಿ ಮುದ್ರಿಸುವುದು ಕಡ್ಡಾಯ. 1990ರ ತಿದ್ದುಪಡಿಗೆ ಮೊದಲು ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಮುದ್ರಿಸಲು ಅವಕಾಶವಿದ್ದುದರಿಂದ ಗ್ರಾಹಕನಿಗೆ ನಿಜವಾದ ಬೆಲೆ ಅಂಗಡಿಯಲ್ಲಿಯೇ ತಿಳಿಯುತ್ತಿತ್ತು. ಈಗ 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮ ಹಾಗೂ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಜಾರಿಯಲ್ಲಿವೆ. ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವುದು ಅಪರಾಧ. ಕಡಿಮೆಗೆ ಮಾರಲು ಅಡ್ಡಿಯಿಲ್ಲ. ‘ಹಳ್ಳಿಗೆ ತರಿಸುವ ಖರ್ಚು’ ಎಂದು ಅದರ ಮೇಲೆ ಸೇರಿಸುವಂತಿಲ್ಲ. ಆನ್‌ಲೈನ್ ಮಾರಾಟದಲ್ಲಿಯೂ ಎಂಆರ್‌ಪಿಯನ್ನು ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಗೆ ಬಂದಿತು.

ಪೆಟ್ಟಿಗೆಯಿಲ್ಲದೆ ತೂಗುಹಾಕಿ ಮಾರುವ ಇಯರ್‌ಫೋನ್‌ಗಳಲ್ಲಿ ಇಂತಹ ಮುದ್ರಿತ ಬೆಲೆಯೇ ಇರುವುದಿಲ್ಲ. ಅಲ್ಲಿ ಬೆಲೆ ನಿರ್ಧಾರವಾಗುವುದು ಚೌಕಾಸಿಯಿಂದ.

ಸವಳಂಗದ ಉದಾಹರಣೆ

ಸವಳಂಗವು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ, ಶಿವಮೊಗ್ಗ–ಶಿಕಾರಿಪುರ ರಸ್ತೆಯಲ್ಲಿದೆ. ಈ ಪ್ರದೇಶ ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ ಹೊಸ ಜಿಲ್ಲೆಗೆ ಸೇರಿದವು. ಆದರೆ ಹತ್ತಿರದ ದೊಡ್ಡ ಪೇಟೆ ಈಗಲೂ ಶಿವಮೊಗ್ಗವೇ. ಆ ನಗರದ ಒಂದು ಮುಖ್ಯ ರಸ್ತೆಗೆ ಸವಳಂಗ ರಸ್ತೆ ಎಂಬ ಹೆಸರಿದೆ.

₹2,999 ಎಂದು ಮುದ್ರಿತವಾದ ಒಂದು ಹೆಡ್‌ಫೋನ್ ಊರಿನ ಮೊಬೈಲ್ ಅಂಗಡಿಯಲ್ಲಿ ₹1,800ಕ್ಕೆ, ಶಿವಮೊಗ್ಗದಲ್ಲಿ ₹1,600ಕ್ಕೆ, ಆನ್‌ಲೈನ್‌ನಲ್ಲಿ ₹1,499ಕ್ಕೆ ದೊರೆಯುತ್ತದೆ ಎಂದು ಭಾವಿಸೋಣ. ಮೂರೂ ಕಾನೂನುಬದ್ಧ ಬೆಲೆಗಳೇ. ಸಣ್ಣ ಊರಿನ ವ್ಯಾಪಾರಿ ಒಮ್ಮೆಗೆ ಕೆಲವೇ ನಗಗಳನ್ನು ನಗರದ ಸಗಟು ವ್ಯಾಪಾರಿಯಿಂದ ತರುತ್ತಾನೆ. ಅವನ ಖರೀದಿ ದರವೇ ಹೆಚ್ಚು, ಮಾರಾಟವೂ ನಿಧಾನ. ದೊಡ್ಡ ಮಾರಾಟಗಾರನಿಗೆ ಪ್ರಮಾಣದ ಮೇಲೆ ರಿಯಾಯಿತಿ ಸಿಗುತ್ತದೆ. ಮುದ್ರಿತ ಬೆಲೆಯನ್ನು ಎತ್ತರದಲ್ಲಿಟ್ಟು ‘ಅರ್ಧ ಬೆಲೆ’ ಎಂದು ಸಾರುವ ರೂಢಿ ಇರುವುದರಿಂದ, ಶೇಕಡಾವಾರು ರಿಯಾಯಿತಿಗಿಂತ ಕೊನೆಯಲ್ಲಿ ಕೊಡಬೇಕಾದ ಮೊತ್ತವನ್ನೇ ಹೋಲಿಸುವುದು ಸರಿಯಾದ ಕ್ರಮ.

₹200 ಉಳಿಸಲು ಶಿವಮೊಗ್ಗಕ್ಕೆ ಹೋಗುವವನು ಬಸ್ಸಿನ ದರವನ್ನೂ ಅರ್ಧ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. (2023ರ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸದು.) ಕೆಟ್ಟ ವಸ್ತುವನ್ನು ಮರಳಿ ಒಯ್ಯುವ ಖರ್ಚೂ ಬೆಲೆಯ ಭಾಗವೇ. ಊರಿನ ಅಂಗಡಿಯವನು ಅದನ್ನು ಬದಲಿಸಿಕೊಡುವವನಾದರೆ ₹1,800 ದುಬಾರಿಯೆನ್ನಲಾಗದು.

ತೆರಿಗೆ

2017ರ ಜುಲೈ 1ಕ್ಕೆ ಮೊದಲು ಪ್ರತಿ ರಾಜ್ಯವೂ ತನ್ನದೇ ದರದಲ್ಲಿ ಮೌಲ್ಯವರ್ಧಿತ ತೆರಿಗೆ ವಿಧಿಸುತ್ತಿತ್ತು. ಕರ್ನಾಟಕದಲ್ಲಿ ಅದು 2005ರಿಂದ ಜಾರಿಯಲ್ಲಿತ್ತು. ಜಿಎಸ್‌ಟಿ ಬಂದ ಮೇಲೆ ಹೆಡ್‌ಫೋನ್‌ಗಳ ತೆರಿಗೆ ದೇಶದಾದ್ಯಂತ ಒಂದೇ ಆಯಿತು. ಈ ದರ ಶೇ. 18. ಹೊರರಾಜ್ಯದ ಗೋದಾಮಿನಿಂದ ಸವಳಂಗಕ್ಕೆ ತರಿಸಿದರೂ ಶಿವಮೊಗ್ಗದಲ್ಲಿ ಕೊಂಡರೂ ತೆರಿಗೆಯ ದರ ಸಮವೇ.

ಆಮದಿನ ಲೆಕ್ಕ ಬೇರೆ. 2022ರ ಕೇಂದ್ರ ಬಜೆಟ್‌ನಲ್ಲಿ ಹೆಡ್‌ಫೋನ್‌ಗಳ ಮೂಲ ಸೀಮಾ ಸುಂಕವನ್ನು ಶೇ. 15ರಿಂದ ಶೇ. 20ಕ್ಕೆ ಏರಿಸಲಾಯಿತು. ಆ ದರದಲ್ಲಿ ₹10,000 ಮೌಲ್ಯದ ಆಮದಿಗೆ ₹2,000 ಸುಂಕ, ಸುಂಕದ ಮೇಲೆ ಶೇ. 10ರಂತೆ ₹200 ಸಮಾಜ ಕಲ್ಯಾಣ ಮೇಲ್ತೆರಿಗೆ, ಒಟ್ಟು ₹12,200ರ ಮೇಲೆ ₹2,196 ಜಿಎಸ್‌ಟಿ ಬೀಳುತ್ತದೆ. ವಸ್ತು ಬಂದರು ದಾಟುವಷ್ಟರಲ್ಲಿ ₹14,396 ಆಗಿರುತ್ತದೆ. ವ್ಯಾಪಾರಿಗಳ ಲಾಭ ಇನ್ನೂ ಸೇರಿಲ್ಲ.

ವಿದೇಶದ ಬೆಲೆಯೊಡನೆ ಹೋಲಿಸುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಅಮೆರಿಕದಲ್ಲಿ ತೋರಿಸುವ ಬೆಲೆಗೆ ಮಾರಾಟ ತೆರಿಗೆ ಸಾಮಾನ್ಯವಾಗಿ ಸೇರಿರುವುದಿಲ್ಲ. ಯುರೋಪಿನಲ್ಲಿ ತೆರಿಗೆ ಸೇರಿಯೇ ಇರುತ್ತದೆ.

ಖಾತರಿ ಮತ್ತು ಸಮಾನಾಂತರ ಆಮದು

ಕಂಪನಿಯ ಅಧಿಕೃತ ವಿತರಕರಲ್ಲದವರು ಅಸಲಿ ಸರಕನ್ನೇ ಹೊರದೇಶದಿಂದ ತಂದು ಮಾರುವುದನ್ನು ಸಮಾನಾಂತರ ಆಮದು ಎನ್ನುತ್ತಾರೆ. ಸ್ಯಾಮ್‌ಸಂಗ್ ಮತ್ತು ಕಪಿಲ್ ವಾಧ್ವಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವು 2012ರಲ್ಲಿ ಇಂತಹ ಮಾರಾಟಕ್ಕೆ ಅವಕಾಶ ನೀಡಿತು. ಆದರೆ ಕಂಪನಿಯ ಖಾತರಿ ಇಲ್ಲವೆಂಬುದನ್ನು ಅಂಗಡಿಯಲ್ಲಿ ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿತು. ಆ ಪ್ರಕರಣ ಪ್ರಿಂಟರ್‌ಗಳಿಗೆ ಸಂಬಂಧಿಸಿದ್ದರೂ ತತ್ತ್ವ ಹೆಡ್‌ಫೋನ್‌ಗೂ ಹೊಂದುತ್ತದೆ. ಅತ್ಯಂತ ಅಗ್ಗದ ಕೊಡುಗೆ ಕಂಡಾಗ ಪೆಟ್ಟಿಗೆಯ ಮೇಲೆ ಭಾರತದ ಆಮದುದಾರನ ಹೆಸರು, ವಿಳಾಸ ಮತ್ತು ರೂಪಾಯಿಯಲ್ಲಿ ಎಂಆರ್‌ಪಿ ಇವೆಯೇ ಎಂದು ನೋಡಬೇಕು.

ದೂರು

ಎಂಆರ್‌ಪಿಗಿಂತ ಹೆಚ್ಚು ಹಣ ಪಡೆದರೆ ಕಾನೂನುಬದ್ಧ ಮಾಪನಶಾಸ್ತ್ರ ಇಲಾಖೆಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು. 2019ರ ಗ್ರಾಹಕ ರಕ್ಷಣಾ ಅಧಿನಿಯಮದ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಆದ್ದರಿಂದ ಸವಳಂಗದವರು ಶಿವಮೊಗ್ಗದಲ್ಲಿ ಕೊಂಡ ವಸ್ತುವಿನ ಬಗೆಗೂ ದಾವಣಗೆರೆಯಲ್ಲಿ ದೂರು ನೀಡಬಹುದು. ರಸೀದಿ ಮಾತ್ರ ಕೈಯಲ್ಲಿರಬೇಕು.