ಹುಟ್ಟಿದ ದಿನದ ಲೆಕ್ಕ: ಎಣಿಕೆಗೆ ಎಣಿಕೆಯೇ ಸಾಕ್ಷಿ

ವಯಸ್ಸೆಷ್ಟು ಎಂದು ಕೇಳಿದರೆ ನಮ್ಮಲ್ಲಿ ಕೆಲವರು 'ಅರವತ್ತು ತುಂಬಿತು' ಎನ್ನುತ್ತಾರೆ, ಕೆಲವರು 'ಅರವತ್ತೊಂದು ನಡೀತಿದೆ' ಎನ್ನುತ್ತಾರೆ. ಎರಡೂ ಸರಿಯೇ. ದಿನದ ಮಟ್ಟಿಗೆ ಕರಾರುವಾಕ್ಕಾದ ವಯಸ್ಸು ಬೇಕೆಂದಾಗ ಲೆಕ್ಕ ಸೂಕ್ಷ್ಮವಾಗುತ್ತದೆ. ಮೊಬೈಲಿನಲ್ಲಿ ಎರಡು ತಾರೀಖು ಒತ್ತಿದರೆ ಉತ್ತರ ಬಂದುಬಿಡುತ್ತದೆ, ನಿಜ. ಆದರೂ ಒಮ್ಮೆಯಾದರೂ ಕಾಗದದ ಮೇಲೆ ಕೈಯಾರೆ ಈ ಲೆಕ್ಕ ಮಾಡಿ ನೋಡಬೇಕು. ಸೂರ್ಯನ ವರ್ಷ, ಚಂದ್ರನ ತಿಂಗಳು, ಏಳು ದಿನದ ವಾರ, ಅರವತ್ತು ಸಂವತ್ಸರಗಳ ಸುತ್ತು, ಹೀಗೆ ತಮ್ಮ ತಮ್ಮ ಗತಿಯಲ್ಲಿ ಸಾಗುವ ಎಣಿಕೆಗಳೆಲ್ಲ ಒಬ್ಬರು ಹುಟ್ಟಿದ ದಿನದಲ್ಲಿ ಬಂದು ಕೂಡುತ್ತವೆ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಈ ಕಲೆಯ ಸೊಗಸು ಇರುವುದೇ ಅಲ್ಲಿ.

ಮೊದಲು ಸರಳ ವ್ಯವಕಲನ. ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು. ಮೇಲೆ 9-12-1997, ಕೆಳಗೆ 10-10-1902 ಬರೆದುಕೊಳ್ಳಿ. ಒಂಬತ್ತರಲ್ಲಿ ಹತ್ತು ಹೋಗುವುದಿಲ್ಲ, ಪಕ್ಕದ ತಿಂಗಳಿಂದ ಸಾಲ ತರಬೇಕು. ಶಾಲೆಯ ಲೆಕ್ಕದಲ್ಲಿ ಸಾಲ ತಂದದ್ದು ಯಾವಾಗಲೂ ಹತ್ತು. ಇಲ್ಲಿ ಮಾತ್ರ ಅದು ಒಮ್ಮೆ 31, ಒಮ್ಮೆ 30, ಒಮ್ಮೆ 28 ಅಥವಾ 29. ಎಡವುವವರು ಎಡವುವುದು ಇಲ್ಲೇ. ನಿಯಮ ಸುಲಭ: ಕೊನೆಯ ತಾರೀಖಿನ ಹಿಂದಿನ ತಿಂಗಳು ಯಾವುದೋ ಅದರ ದಿನಗಳನ್ನು ತರಬೇಕು. ಡಿಸೆಂಬರಿನ ಹಿಂದೆ ನವೆಂಬರ್, ಅಂದರೆ 30 ದಿನ. 39ರಲ್ಲಿ 10 ಕಳೆದರೆ 29. ತಿಂಗಳಿನ ಸಾಲಿನಲ್ಲಿ ಉಳಿದ 11ರಲ್ಲಿ 10 ಕಳೆದರೆ 1. ವರ್ಷ 95. ಕಾರಂತರು ಬಾಳಿದ್ದು 95 ವರ್ಷ, 1 ತಿಂಗಳು, 29 ದಿನ.

ಇದನ್ನೇ ಬರೀ ದಿನಗಳಲ್ಲಿ ಎಣಿಸೋಣ. 95 ವರ್ಷವನ್ನು 365ರಿಂದ ಗುಣಿಸಿದರೆ 34,675. ನಡುವೆ 1904ರಿಂದ 1996ರವರೆಗೆ ಬಂದ ಅಧಿಕ ವರ್ಷಗಳು 24. ಅವುಗಳ ಫೆಬ್ರವರಿ 29ಗಳನ್ನು ಸೇರಿಸಿದರೆ 34,699. ಕೊನೆಯ ಹುಟ್ಟುಹಬ್ಬದಿಂದ ಡಿಸೆಂಬರ್ 9ರವರೆಗೆ 60 ದಿನ. ಒಟ್ಟು 34,759 ದಿನ.

ಲೆಕ್ಕ ಸರಿಯೋ ತಪ್ಪೋ? ಅದನ್ನು ವಾರ ಹೇಳುತ್ತದೆ. ಯಾವುದೇ ತಾರೀಖಿನ ವಾರವನ್ನು ಮನಸ್ಸಿನಲ್ಲೇ ಕಂಡುಹಿಡಿಯುವ ಅಂದವಾದ ಉಪಾಯವೊಂದನ್ನು ಗಣಿತಜ್ಞ ಜಾನ್ ಕಾನ್‌ವೇ 1973ರಲ್ಲಿ ರೂಪಿಸಿದರು. ಅದಕ್ಕೆ ಡೂಮ್ಸ್‌ಡೇ ವಿಧಾನ ಎಂದು ಹೆಸರು. ಯಾವ ವರ್ಷವನ್ನೇ ತೆಗೆದುಕೊಳ್ಳಿ, 4/4, 6/6, 8/8, 10/10, 12/12 ಇವೆಲ್ಲ ಒಂದೇ ವಾರ ಬೀಳುತ್ತವೆ. 9/5 ಮತ್ತು 5/9, 7/11 ಮತ್ತು 11/7, ಫೆಬ್ರವರಿಯ ಕೊನೆಯ ದಿನ, ಇವೂ ಅದೇ ವಾರವೇ. ಆ ವರ್ಷದ ಈ ಆಧಾರ ವಾರವೊಂದು ಗೊತ್ತಾದರೆ ಯಾವ ತಾರೀಖಿಗೂ ಬೆರಳೆಣಿಕೆಯ ದೂರ ಅಷ್ಟೆ. 1900ರ ಆಧಾರ ವಾರ ಬುಧವಾರ, 2000ದ್ದು ಮಂಗಳವಾರ. ಮುಂದಿನ ವರ್ಷಗಳಿಗೆ ಕೊನೆಯ ಎರಡು ಅಂಕಿಗಳನ್ನು 12ರಿಂದ ಭಾಗಿಸಿ. ಭಾಗಲಬ್ಧ, ಶೇಷ, ಆ ಶೇಷದೊಳಗೆ ಎಷ್ಟು ನಾಲ್ಕುಗಳಿವೆ ಎಂಬುದು, ಈ ಮೂರನ್ನೂ ಕೂಡಿ ಏಳೇಳನ್ನು ಕಳೆದರೆ ಎಷ್ಟು ದಿನ ಮುಂದೆ ಹೋಗಬೇಕೆಂದು ತಿಳಿಯುತ್ತದೆ.

1902ಕ್ಕೆ ಬುಧವಾರದಿಂದ ಎರಡು ಮುಂದೆ, ಶುಕ್ರವಾರ. ಕಾರಂತರ ಜನ್ಮದಿನ 10/10 ತಾನೇ ಆಧಾರದ ತಾರೀಖು, ಆದ್ದರಿಂದ ಅವರು ಹುಟ್ಟಿದ್ದು ಶುಕ್ರವಾರ. 1997ಕ್ಕೆ 97ರಲ್ಲಿ ಹನ್ನೆರಡು ಎಂಟು ಬಾರಿ, ಶೇಷ ಒಂದು, ಕೂಡಿದರೆ 9, ಏಳು ಕಳೆದರೆ 2, ಮತ್ತೆ ಶುಕ್ರವಾರ. 12/12 ಶುಕ್ರವಾರವಾದರೆ ಮೂರು ದಿನ ಹಿಂದಿನ ಡಿಸೆಂಬರ್ 9 ಮಂಗಳವಾರ. ಈಗ 34,759ನ್ನು ಏಳರಿಂದ ಭಾಗಿಸಿ: ಶೇಷ 4. ಶುಕ್ರವಾರದಿಂದ ನಾಲ್ಕು ದಿನ ಮುಂದೆ ಎಣಿಸಿದರೆ ಮಂಗಳವಾರವೇ! ಎರಡು ಬೇರೆ ದಾರಿಗಳು ಒಂದೇ ಬಾಗಿಲಿಗೆ ಬಂದು ನಿಂತವು. ನಡುವೆ ಒಂದು ಅಧಿಕ ವರ್ಷ ಮರೆತಿದ್ದರೂ ಸೋಮವಾರ ಬಂದು ತಪ್ಪು ಬಯಲಾಗುತ್ತಿತ್ತು.

ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಸಭೆಯಲ್ಲಿ ಯಾರು ಯಾವ ತಾರೀಖು ಹೇಳಿದರೂ ತಕ್ಷಣ ವಾರ ಹೇಳಿ ಬೆರಗುಗೊಳಿಸುತ್ತಿದ್ದರು. ಅವರ ವೇಗ ನಮಗೆ ಬಾರದು. ಆದರೆ ಅವರು ಹುಟ್ಟಿದ 1929ರ ನವೆಂಬರ್ 4 ಸೋಮವಾರ ಎಂಬುದನ್ನು ಮೇಲಿನ ವಿಧಾನದಿಂದ ಯಾರು ಬೇಕಾದರೂ ಒಂದು ನಿಮಿಷದಲ್ಲಿ ಕಂಡುಕೊಳ್ಳಬಹುದು.

ಫೆಬ್ರವರಿ 29ರಂದು ಹುಟ್ಟಿದವರ ಕಥೆ ಬೇರೆಯೇ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೆ ಬರಬೇಕಿದ್ದ ಆ ತಾರೀಖು 1900ರಲ್ಲಿ ಬರಲಿಲ್ಲ. ಶತಮಾನದ ವರ್ಷ 400ರಿಂದ ಭಾಗವಾದರಷ್ಟೇ ಅಧಿಕ ವರ್ಷ. ಹುಟ್ಟಿದ ತಾರೀಖು ಅವರಿಗೆ ಮೊದಲ ಸಲ ಮರಳಿದ್ದು ಎಂಟು ತುಂಬಿದಾಗ, 1904ರಲ್ಲಿ. 99 ವರ್ಷ ಬಾಳಿದರೂ ಆ ತಾರೀಖನ್ನು ಮತ್ತೆ ಕಂಡದ್ದು 23 ಸಲ.

ಕಾನೂನಿಗೂ ಇದರಲ್ಲಿ ತನ್ನದೇ ಖಚಿತತೆಯಿದೆ. 1875ರ ಭಾರತೀಯ ವಯಸ್ಕತೆಯ ಕಾಯ್ದೆಯ ಪ್ರಕಾರ ಹುಟ್ಟಿದ ದಿನವನ್ನೂ ಪೂರ್ತಿ ದಿನವಾಗಿ ಎಣಿಸಬೇಕು. ಹದಿನೆಂಟನೆಯ ಹುಟ್ಟುಹಬ್ಬದ ದಿನ ಆರಂಭವಾಗುತ್ತಲೇ ವ್ಯಕ್ತಿ ವಯಸ್ಕ. ತಿಂಗಳ 1ನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವುದರ ಹಿಂದೆಯೂ ಇದೇ ಎಣಿಕೆಯಿದೆ.

ಇಷ್ಟು ಸೂರ್ಯನ ಲೆಕ್ಕ. ಪಂಚಾಂಗ ತೆರೆದರೆ ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಹಾಗಾಗಿ ತಿಥಿಯ ಹುಟ್ಟುಹಬ್ಬ ವರ್ಷವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮತ್ತೆ ಮುಂದೆ ಬರುತ್ತದೆ. ಈ ಓಡಾಟಕ್ಕೂ ಒಂದು ಕಟ್ಟುಂಟು: 235 ಚಾಂದ್ರಮಾಸಗಳು 19 ಸೌರವರ್ಷಗಳಿಗೆ ಹೆಚ್ಚುಕಡಿಮೆ ಸಮ, ವ್ಯತ್ಯಾಸ ಕೆಲವೇ ಗಂಟೆ. ಆದ್ದರಿಂದ 19, 38, 57, 76 ತುಂಬುವಾಗ ತಾರೀಖೂ ತಿಥಿಯೂ ಅಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ. ದೇಶ ಸ್ವತಂತ್ರವಾದ 1947ರ ಆಗಸ್ಟ್ 15ರ ಬೆಳಗ್ಗೆ ಅಧಿಕ ಶ್ರಾವಣದ ಕೃಷ್ಣ ಚತುರ್ದಶಿ. 76 ವರ್ಷ ಕಳೆದು 2023ರ ಆಗಸ್ಟ್ 15 ಬಂದಾಗಲೂ ಬೆಳಗ್ಗೆ ಅದೇ ಅಧಿಕ ಶ್ರಾವಣ, ಅದೇ ಕೃಷ್ಣ ಚತುರ್ದಶಿ.

ಇದೆಲ್ಲದರ ನಿಜವಾದ ಉಪಯೋಗ ಕಾಣುವುದು ಹಿರಿಯರ ಹುಟ್ಟಿದ ದಿನ ಹುಡುಕುವಾಗ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಂಡ ತಲೆಮಾರು ನಮ್ಮಲ್ಲಿದೆ. ದಾಖಲೆ ಇಲ್ಲದಿದ್ದರೂ ಅವರ ನೆನಪಿನಲ್ಲಿ ಸುಳಿವುಗಳಿರುತ್ತವೆ. ಒಬ್ಬ ಅಜ್ಜಿ 'ನಾನು ಹುಟ್ಟಿದ್ದು ವಿರೋಧಿ ಸಂವತ್ಸರ, ದೀಪಾವಳಿ ಅಮಾವಾಸ್ಯೆ, ಶುಕ್ರವಾರ ಅಂತ ನಮ್ಮವ್ವ ಹೇಳ್ತಿದ್ಲು' ಎಂದರು ಅನ್ನಿ. ಸುತ್ತಿನ ಮೊದಲ ಸಂವತ್ಸರ ಪ್ರಭವ 1927ರ ಯುಗಾದಿಗೆ ಶುರುವಾಯಿತು. ವಿರೋಧಿ ಇಪ್ಪತ್ತಮೂರನೆಯದು, ಅಂದರೆ 1949. ಅರವತ್ತು ವರ್ಷ ಹಿಂದೆ ಮುಂದೆ ಹೋಗುವ ಪ್ರಶ್ನೆಯಿಲ್ಲ, ಅಜ್ಜಿ ಎದುರಿಗೇ ಇದ್ದಾರೆ. ಆ ವರ್ಷದ ಆಶ್ವಯುಜ ಅಮಾವಾಸ್ಯೆ ಅಕ್ಟೋಬರ್ 21. ಈಗ ವಾರ: 1949ರ ಆಧಾರ ವಾರ ಸೋಮವಾರ. 10/10 ಸೋಮವಾರ, 17 ಸೋಮವಾರ, 21 ಶುಕ್ರವಾರ. ಸಂವತ್ಸರ ವರ್ಷ ಕೊಟ್ಟಿತು, ಹಬ್ಬ ತಾರೀಖು ಕೊಟ್ಟಿತು, ವಾರ ಎರಡಕ್ಕೂ ಸಾಕ್ಷಿ ನುಡಿಯಿತು.

ಒಂದು ದಿನ ಹೆಚ್ಚುಕಡಿಮೆಯಾದರೆ ನೆನಪನ್ನು ದೂರಬೇಡಿ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕ್ಯಾಲೆಂಡರಿನದು ನಡುರಾತ್ರಿಗೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗು ಮನೆಯವರಿಗೆ ಶುಕ್ರವಾರದ್ದು, ಕ್ಯಾಲೆಂಡರಿಗೆ ಶನಿವಾರದ್ದು. ವರ್ಷ ತಪ್ಪಿದಂತೆ ಕಂಡರೆ ಯುಗಾದಿಗೆ ಮುಂಚೆ ಹುಟ್ಟಿದರೋ ಆಮೇಲೋ ಎಂದು ಕೇಳಿ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರದು ಹಿಂದಿನ ಸಂವತ್ಸರವೇ.

ನಿಮ್ಮ ಮನೆಯ ಹಿರಿಯರನ್ನು ಬಿಡುವಿನಲ್ಲಿ ಕೂರಿಸಿಕೊಂಡು ಈ ನಾಲ್ಕು ಕೇಳಿ: ಸಂವತ್ಸರ ಯಾವುದು, ಯಾವ ಹಬ್ಬದ ಹಿಂದುಮುಂದು, ಯಾವ ವಾರ, ಹಗಲೋ ರಾತ್ರಿಯೋ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ತಾರೀಖಿನ ಲೆಕ್ಕವನ್ನು ಎಂದು ಬೇಕಾದರೂ ಮಾಡಬಹುದು. ಈ ನಾಲ್ಕು ಉತ್ತರಗಳು ಅವರ ಬಾಯಿಂದಲೇ ಬರಬೇಕು.